ಛಾಯಾಚಿತ್ರ ಮುದ್ರಣಕ್ಕೆ ಎಂತಹ ಯಂತ್ರ?

ನಮ್ಮ ಕಾಲೇಜಿನ ಚರಿತ್ರೆಯ ವಿದ್ಯಾರ್ಥಿಗಳು ತಾಲ್ಲೂಕಿನ ವೀರಗಲ್ಲು, ಮಾಸ್ತಿಕಲ್ಲು, ಶಾಸನಗಳ ಛಾಯಾಚಿತ್ರಗಳನ್ನು ತೆಗೆಯತೊಡಗಿ ಮೂರು ವರ್ಷಗಳಾದುವು. ಅವುಗಳಲ್ಲಿ ನಲವತ್ತನ್ನು ಆರಿಸಿ, ದೊಡ್ಡದಾಗಿ ಮುದ್ರಿಸಿ, ವಾಚನಾಲಯದ ಗೋಡೆಗೆ ಶಾಶ್ವತವಾಗಿ ತೂಗುಹಾಕಬೇಕೆಂದೂ, ಅದಕ್ಕಾಗಿ ಒಂದು ಇಂಕ್‌ಜೆಟ್ ಯಂತ್ರವನ್ನು ಕೊಳ್ಳಬೇಕೆಂದೂ ಮಾತು ನಡೆದಿದೆ. ಬಹಳ ಸಂತೋಷದ ವಿಷಯ. ಆದರೆ ಯಂತ್ರವನ್ನು ಆರಿಸುವ ಬಗೆಯಲ್ಲಿ ನನ್ನದೊಂದು ಭಿನ್ನಾಭಿಪ್ರಾಯವಿದೆ.

ಸರ್ಕಾರಿ ಕಾಲೇಜೆಂದ ಮೇಲೆ ದರಪಟ್ಟಿಗಳನ್ನು ಕರೆದು, ತುಲನಾತ್ಮಕ ತಖ್ತೆ ಬರೆದು, ಎಲ್ಲರಿಗಿಂತ ಕಡಿಮೆ ಬೆಲೆ ಹೇಳಿದವರಿಂದ ಕೊಳ್ಳುವುದು ಕ್ರಮ. ಬೆಂಚು, ಬೀರು, ಸೀಮೆಸುಣ್ಣಗಳಿಗೆ ಈ ಕ್ರಮ ಚೆನ್ನಾಗಿಯೇ ಒಪ್ಪುತ್ತದೆ. ಆದರೆ ಆ ತಖ್ತೆಯಲ್ಲಿ ಯಂತ್ರದ ಬೆಲೆಗೊಂದು ಅಂಕಣ, ‘ಡಿ.ಪಿ.ಐ.’ ಎಂಬ ಅಂಕಿಗೊಂದು ಅಂಕಣ ಇರುವುದೇ ಹೊರತು, ಮಸಿ ಯಾವ ಜಾತಿಯದೆಂಬುದಕ್ಕೆ ಅಂಕಣವೇ ಇರುವುದಿಲ್ಲ. ಹತ್ತು ವರ್ಷದ ಮೇಲೆ ಚಿತ್ರವು ಚಿತ್ರವಾಗಿಯೇ ಉಳಿದೀತೋ ಇಲ್ಲವೋ ಎಂಬುದು ಬಹುಮಟ್ಟಿಗೆ ನಿಂತಿರುವುದೋ ಆ ಮಸಿಯ ಮೇಲೆ!

ಡಿ.ಪಿ.ಐ. ಅಂಕಿಗೆ ಮರುಳಾಗಬೇಕಾದುದಿಲ್ಲ. ೫೭೬೦ × ೧೪೪೦ ಎಂದು ಪೆಟ್ಟಿಗೆಯ ಮೇಲೆ ದಪ್ಪಕ್ಷರಗಳಲ್ಲಿ ಬರೆದಿರುತ್ತದೆ. ಒಂದಂಗುಲದ ಅಳತೆಯಲ್ಲಿ ಯಂತ್ರವು ಎಷ್ಟು ಎಡೆಗಳಲ್ಲಿ ಹನಿಯನ್ನಿಡಬಲ್ಲುದೆಂಬ ಲೆಕ್ಕವದು. ಒಂದೊಂದು ಛಾಯೆಯನ್ನು ತೋರಿಸಲು ಅನೇಕ ಹನಿಗಳು ಬೇಕಾಗುವುದರಿಂದ ಚಿತ್ರದ ಸ್ಪಷ್ಟತೆಗೆ ಅದು ನೇರವಾದ ಅಳತೆಯಲ್ಲ. ಕೈಯಲ್ಲಿ ಹಿಡಿದು ನೋಡುವ ಚಿತ್ರಕ್ಕೆ ಅಂಗುಲಕ್ಕೆ ೩೦೦ ಬಿಂದುಗಳಿದ್ದರೆ ಧಾರಾಳವಾಯಿತು. ಎ-೪ ಹಾಳೆಗೆ ಅದು ಸುಮಾರು ೮೭ ಲಕ್ಷ ಬಿಂದುಗಳಾಗುತ್ತದೆ; ಇಂದಿನ ಸಾಧಾರಣ ಕ್ಯಾಮರಾ ಸಹ ಅಷ್ಟನ್ನು ಕೊಡುತ್ತದೆ.

ಇನ್ನು ಮಸಿಯ ಮಾತು. ಇದರಲ್ಲಿ ಎರಡು ಬಗೆ. ಸಕ್ಕರೆ ನೀರಿನಲ್ಲಿ ಕರಗಿದಂತೆ ಪೂರ್ತಿ ಕರಗಿರುವ ಬಣ್ಣ ಒಂದು. ಇದಕ್ಕೆ ಡೈ ಎಂದು ಹೆಸರು. ಸುಣ್ಣವನ್ನು ನೀರಿನಲ್ಲಿ ಕದಡಿದಂತೆ, ಕರಗದೆ ತೇಲಾಡುವ ಅತಿ ಸೂಕ್ಷ್ಮ ಕಣಗಳ ಬಣ್ಣ ಇನ್ನೊಂದು, ಇದು ಪಿಗ್ಮೆಂಟ್. ಡೈ ಮಸಿ ಅಗ್ಗ, ಹೊಳಪು ಹೆಚ್ಚು, ನೋಡಿದೊಡನೆ ಮನಸ್ಸನ್ನು ಸೆಳೆಯುತ್ತದೆ. ಆದರೆ ಅದರ ಒಂದೊಂದು ಅಣುವೂ ಬೆಳಕಿಗೂ ಗಾಳಿಗೂ ಮೈಯೊಡ್ಡಿಕೊಂಡಿರುತ್ತದೆ. ಪಿಗ್ಮೆಂಟಿನ ಕಣದಲ್ಲಾದರೋ ಹೊರಗಿನ ಅಣುಗಳು ಕೆಟ್ಟರೂ ಒಳಗಿನವು ಉಳಿದುಕೊಳ್ಳುತ್ತವೆ. ೨೦೦೦ನೆಯ ಇಸವಿಯಲ್ಲಿ ಎಪ್ಸನ್ ಕಂಪನಿಯ ೮೭೦, ೧೨೭೦ ಎಂಬ ಡೈ ಮಸಿಯ ಯಂತ್ರಗಳು ಬಂದಾಗ ಜನ ಬೆರಗಾಗಿ ಕೊಂಡರು. ಕೆಲವರ ಮನೆಗಳಲ್ಲಿ, ಹೊಳಪಿನ ಒಂದು ಬಗೆಯ ಕಾಗದದ ಮೇಲೆ ತೆಗೆದ ಚಿತ್ರಗಳು ಕೆಲವೇ ವಾರಗಳಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿಬಿಟ್ಟುವು. ಗಾಳಿಯಲ್ಲಿದ್ದ ಓಝೋನ್ ನೀಲಿ ಬಣ್ಣವನ್ನು ತಿಂದುಹಾಕಿತ್ತು. ಅದೇ ಕಂಪನಿ ಅದೇ ವರ್ಷ ೨೦೦೦ಪಿ ಎಂಬ ಪಿಗ್ಮೆಂಟ್ ಯಂತ್ರವನ್ನೂ ಹೊರತಂದಿತು. ಆಮೇಲೆ ಡೈ ಮಸಿಯೂ ಸುಧಾರಿಸಿದೆ, ಕಾಗದವೂ ಸುಧಾರಿಸಿದೆ, ಒಪ್ಪತಕ್ಕ ಮಾತು. ಆದರೂ ಗೋಡೆಯ ಚಿತ್ರಕ್ಕೆ ಪಿಗ್ಮೆಂಟೇ ಲೇಸು.

ನಮಗಿದು ಹೊಸ ಸಂಗತಿಯಲ್ಲ. ತಾಳೆಯೋಲೆಯ ಮೇಲೆ ಕಂಟದಿಂದ ಕೊರೆದ ಅಕ್ಷರಗಳಿಗೆ ಹಿರಿಯರು ದೀಪದ ಕಾಡಿಗೆಯನ್ನು ತಿಕ್ಕುತ್ತಿದ್ದರು. ಶಾಸನತಜ್ಞರು ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ ಪಡಿಯಚ್ಚು ತೆಗೆಯುವುದೂ ಕರಿಮಸಿಯಿಂದಲೇ. ಕಾಡಿಗೆಯೆಂದರೆ ಇಂಗಾಲದ ಕಣ. ಇಂದಿನ ಕಪ್ಪು ಪಿಗ್ಮೆಂಟ್ ಮಸಿಯಲ್ಲಿರುವುದೂ ಅದೇ.

ನಮ್ಮ ಚಿತ್ರಗಳೆಲ್ಲ ಕಲ್ಲಿನ ಚಿತ್ರಗಳೆಂಬುದನ್ನೂ ಗಮನಿಸಬೇಕು. ಕಲ್ಲಿನ ಬೂದು ಬಣ್ಣವನ್ನು ನೀಲಿ, ಕೆಂಪು, ಹಳದಿಗಳ ಮಿಶ್ರಣದಿಂದ ಬರಿಸಹೊರಟರೆ ಒಂದೆಡೆ ಹಸಿರು, ಇನ್ನೊಂದೆಡೆ ನಸುಗೆಂಪು ಇಣುಕುತ್ತದೆ. ಓರೆಬಿಸಿಲಿನಲ್ಲಿ ತೆಗೆದ ಶಾಸನದಲ್ಲಿ ಅಕ್ಷರ ಕಾಣುವುದೇ ಬೂದಿನ ಏರಿಳಿತದಿಂದ. ಅಲ್ಲಿ ಬಣ್ಣ ಇಣುಕಿದರೆ ಓದುವವನ ಕಣ್ಣು ಸೋಲುತ್ತದೆ. ಆದ್ದರಿಂದ ಬೂದು ಮಸಿ ಬೇರೆಯಾಗಿಯೇ ಇರುವ ಯಂತ್ರ ಬೇಕು. ೨೦೨೦ರಲ್ಲಿ ಬಂದ ಎಪ್ಸನ್ ಪಿ-೭೦೦ರ ಹತ್ತು ಮಸಿಗಳಲ್ಲಿ ಬೂದು, ತಿಳಿಬೂದು ಎಂದು ಎರಡಿವೆ. ಅದೇ ವರ್ಷದ ಕ್ಯಾನನ್ ಪ್ರೊ-೩೦೦ರಲ್ಲಿ ಬೂದು ಒಂದಿದೆ. ಎರಡೂ ಪಿಗ್ಮೆಂಟ್ ಯಂತ್ರಗಳು, ಎರಡೂ ೧೩ × ೧೯ ಅಂಗುಲದ ಹಾಳೆಯನ್ನು ಮುದ್ರಿಸುವಂಥವು. ಈ ಮಾದರಿಗಳೇ ಆಗಬೇಕೆಂದು ನನ್ನ ಹಟವಿಲ್ಲ. ಈ ಲಕ್ಷಣಗಳಿರಬೇಕೆಂಬುದು ಹಟ. ಕಾಗದವೂ ಹೊಳಪಿನದು ಬೇಡ. ಹೊಳಪಿಲ್ಲದ ಹತ್ತಿಯ ಕಾಗದದ ಮೇಲೆ ಕಲ್ಲು ಕಲ್ಲಿನಂತೆ ಕಾಣುತ್ತದೆ.

ಇದಕ್ಕೆ ಮಿತ್ರರೊಬ್ಬರ ಆಕ್ಷೇಪಣೆ ಇದೆ: ‘ಆರು ಬಣ್ಣದ ಡೈ ಯಂತ್ರಕ್ಕೆ ೭೦ ಮಿಲಿಲೀಟರಿನ ಸೀಸೆಯಿಂದ ಮಸಿ ಸುರಿಯಬಹುದು. ನಿಮ್ಮ ಯಂತ್ರಕ್ಕೋ ೧೪ ಅಥವಾ ೨೫ ಮಿಲಿಲೀಟರಿನ ಡಬ್ಬಿ, ಅದಕ್ಕೆ ಚಿನ್ನದ ಬೆಲೆ!’ ನಿಜ. ವಾರ್ಷಿಕೋತ್ಸವದ ಚಿತ್ರಗಳಿಗೆ, ಗುರುತಿನ ಚೀಟಿಗಳಿಗೆ ನಾನೂ ಸೀಸೆಯ ಯಂತ್ರವನ್ನೇ ಶಿಫಾರಸು ಮಾಡುತ್ತೇನೆ. ಆದರೆ ಐದಾರು ವರ್ಷಕ್ಕೊಮ್ಮೆ ನಲವತ್ತು ಚಿತ್ರಗಳನ್ನೂ ಮತ್ತೆ ಮುದ್ರಿಸಿ, ಮತ್ತೆ ಕಟ್ಟು ಹಾಕಿಸುವ ಖರ್ಚನ್ನು ಮಿತ್ರರು ಲೆಕ್ಕಕ್ಕೆ ಹಿಡಿದಿಲ್ಲ. ಆಗ ಆ ಕೆಲಸ ಮಾಡುವ ವಿದ್ಯಾರ್ಥಿಗಳು ಕಾಲೇಜಿನಲ್ಲಿರುವುದಿಲ್ಲ. ಕೆಲವು ಕಲ್ಲುಗಳು ಹೊಲದಲ್ಲಿರುವುದೂ ಸಂದೇಹ.

ನನಗಿರುವ ಅಳುಕು ಬೇರೆ. ಈ ಯಂತ್ರಗಳ ರಂಧ್ರಗಳು ಕೂದಲಿಗಿಂತ ಸಣ್ಣವು. ವಾರಗಟ್ಟಲೆ ಸುಮ್ಮನಿದ್ದರೆ ಮಸಿ ಒಣಗಿ ಕಟ್ಟಿಕೊಳ್ಳುತ್ತದೆ, ಬಿಡಿಸಹೋದರೆ ಅರ್ಧ ಡಬ್ಬಿ ಮಸಿ ವ್ಯರ್ಥವಾಗುತ್ತದೆ. ಸಂಜೆ ಗೋಡೆಯ ಸ್ವಿಚ್ಚನ್ನು ಆರಿಸಿ ಬೀಗ ಹಾಕಿಕೊಂಡು ಹೋಗುವುದು ನಮ್ಮಲ್ಲಿ ವಾಡಿಕೆ. ಇಲ್ಲಿ ಹಾಗೆ ಮಾಡಕೂಡದು. ಯಂತ್ರದ ಗುಂಡಿಯನ್ನೇ ಒತ್ತಿ ಆರಿಸಬೇಕು. ಆಗ ಅದು ರಂಧ್ರಗಳಿಗೆ ಮುಚ್ಚಳ ಹಾಕಿಕೊಂಡು ನಿಲ್ಲುತ್ತದೆ. ವಾರಕ್ಕೊಂದು ಬಣ್ಣದ ಹಾಳೆಯನ್ನು, ಬೇಸಗೆಯ ರಜೆಯಲ್ಲಿಯೂ, ತೆಗೆಯುತ್ತಿರಬೇಕು.

ರಜೆಯಲ್ಲಿ ಬಂದು ಆ ಹಾಳೆಯನ್ನು ತೆಗೆಯುವವರು ಯಾರೆಂಬುದನ್ನು ದರಪಟ್ಟಿ ಕರೆಯುವ ಮೊದಲೇ ಹೆಸರು ಹಿಡಿದು ಬರೆದಿಡಬೇಕೆಂದು ನನ್ನ ಸೂಚನೆ. ಯಾರೂ ಮುಂದೆ ಬಾರದಿದ್ದರೆ ಯಂತ್ರವೇ ಬೇಡ. ಚಿತ್ರಗಳನ್ನು ಬೆಂಗಳೂರಿನ ಒಳ್ಳೆಯ ಮುದ್ರಣಾಲಯವೊಂದಕ್ಕೆ ಕಳುಹಿಸಿ, ಪಿಗ್ಮೆಂಟ್ ಮಸಿ, ಹತ್ತಿಯ ಕಾಗದ ಎಂದು ಸ್ಪಷ್ಟವಾಗಿ ಬರೆದುಕೊಟ್ಟು, ನಲವತ್ತನ್ನೂ ಒಂದೇ ಸಲ ಮಾಡಿಸಿ ತರೋಣ.