ವಾರಕ್ಕೊಂದು ಚಿತ್ರ, ಮನೆಗೊಂದು ಬೆಳಗು

ನಿವೃತ್ತನಾದ ಮೇಲೆ ಮನುಷ್ಯನಿಗೆ ಎರಡು ಬಗೆಯ ಉಪದೇಶಗಳು ಧಾರಾಳವಾಗಿ ಲಭಿಸುತ್ತವೆ. ಒಂದು, ದಿನವೂ ನಡೆಯಬೇಕು. ಇನ್ನೊಂದು, ಏನಾದರೊಂದು ಹವ್ಯಾಸ ಇಟ್ಟುಕೊಳ್ಳಬೇಕು. ಮೊದಲನೆಯದನ್ನು ನನ್ನ ಮಂಡಿಯ ಅನುಮತಿ ಪಡೆದು ಪಾಲಿಸುತ್ತಿದ್ದೇನೆ. ಎರಡನೆಯದು ಕಳೆದ ವರ್ಷ ತಾನಾಗಿಯೇ ಮನೆ ಬಾಗಿಲಿಗೆ ಬಂದಿತು. ಅದರ ಕುರಿತು ನನ್ನದೊಂದು ಅಭಿಪ್ರಾಯವನ್ನು ಇಲ್ಲಿ ಬರೆದಿಡಬೇಕೆನಿಸಿದೆ. ಅದನ್ನು ತಪ್ಪೊಪ್ಪಿಗೆ ಎಂದು ಓದಿಕೊಂಡರೂ ನನ್ನ ಆಕ್ಷೇಪವಿಲ್ಲ.

ಹಾಸನ ಜಿಲ್ಲೆಯಲ್ಲಿ ನನ್ನ ಬಳಿ ವಿಜ್ಞಾನ ಕಲಿತ ಕೆಲವರು ಈಗ ನಮ್ಮಂತೆಯೇ ಮೈಸೂರಿನಲ್ಲಿ ನೆಲೆಸಿದ್ದಾರೆ. ಅವರು ತಮ್ಮೊಳಗೆ ಒಂದು ಪಂದ್ಯ ಹೂಡಿಕೊಂಡರು. ಭಾನುವಾರ ಒಂದು ವಿಷಯವನ್ನು ಗೊತ್ತುಮಾಡುವುದು. ಶನಿವಾರ ರಾತ್ರಿಯೊಳಗೆ ಆ ವಿಷಯಕ್ಕೆ ಒಪ್ಪುವ ಒಂದೇ ಒಂದು ಛಾಯಾಚಿತ್ರವನ್ನು ತೆಗೆದು ಎಲ್ಲರಿಗೂ ತೋರಿಸುವುದು. ಚಿತ್ರ ಆ ವಾರದ್ದೇ ಆಗಿರಬೇಕು, ಹಳೆಯ ಆಲ್ಬಮ್ಮಿನಿಂದ ಕಿತ್ತು ಕೊಡುವಂತಿಲ್ಲ. ವರ್ಷಕ್ಕೆ 52 ವಿಷಯ, 52 ಚಿತ್ರ. ಬಹುಮಾನವಿಲ್ಲ, ಶುಲ್ಕವೂ ಇಲ್ಲ. ನಮ್ಮ ಮನೆಯಿಂದ ಇಬ್ಬರು ಸೇರಿಕೊಂಡೆವು, ನಾನು ಮತ್ತು ನನ್ನ ಸೊಸೆ. ಸತ್ಯವಾಗಿ ಹೇಳಬೇಕೆಂದರೆ ಆಸೆ ಮೊದಲು ಹುಟ್ಟಿದ್ದು ಅವಳಲ್ಲಿ. ಕಾಲೇಜಿನ ದಿನಗಳಲ್ಲಿ ಅವಳು ಒಳ್ಳೆಯ ಚಿತ್ರಗಳನ್ನು ತೆಗೆಯುತ್ತಿದ್ದಳಂತೆ. ‘ಮಾವ, ನೀವೂ ಸೇರಿದರೆ ನನಗೂ ಒಂದು ನೆಪವಾಗುತ್ತದೆ’ ಎಂದು ನನ್ನನ್ನು ಒಳಗೆ ಎಳೆದವಳೂ ಅವಳೇ.

ನನಗೆ ಕ್ಯಾಮೆರಾ ಹೊಸದಲ್ಲ. ನಮ್ಮ ಚಿಕ್ಕಪ್ಪನ ಬಳಿ ಆಗ್ಫಾ ಕ್ಲಿಕ್ ಥ್ರೀ ಇತ್ತು. ಒಂದು ಸುರುಳಿಗೆ 12 ಚಿತ್ರ. ಹನ್ನೆರಡೂ ಮುಗಿಯುವ ತನಕ ಸ್ಟುಡಿಯೋಗೆ ಕೊಡುವಂತಿರಲಿಲ್ಲವಾದ್ದರಿಂದ ಗೌರಿಹಬ್ಬಕ್ಕೆ ನಿಂತವರ ಮುಖಗಳನ್ನು ಸಂಕ್ರಾಂತಿಗೆ ನೋಡುತ್ತಿದ್ದೆವು! ಮುಂದೆ ಬೆಳಕಿನ ಪಾಠ ಮಾಡುವಾಗ ರಟ್ಟಿನ ಪೆಟ್ಟಿಗೆಗೆ ಸೂಜಿಯಿಂದ ರಂಧ್ರ ಮಾಡಿ, ಹಿಂಬದಿಗೆ ಎಣ್ಣೆ ಸವರಿದ ಕಾಗದ ಅಂಟಿಸಿ, ಶಾಲೆಯ ಮುಂದಿನ ತೆಂಗಿನ ಮರವನ್ನು ತಲೆಕೆಳಗಾಗಿ ತೋರಿಸಿದಾಗ ಮಕ್ಕಳು ಮಾಡುತ್ತಿದ್ದ ಗದ್ದಲ ಈಗಲೂ ಕಿವಿಯಲ್ಲಿದೆ. ಇರಲಿ, ಹಳೆಯ ಮೇಷ್ಟರಿಗೆ ಪಾಠ ನೆನಪಾದರೆ ವಿಷಯ ದಾರಿ ತಪ್ಪುತ್ತದೆ.

ಮೊದಲ ವಾರದ ವಿಷಯ ‘ಹೊಸ್ತಿಲು’. ಅನಂತರ ‘ಕೆಂಪು’, ‘ನೆರಳು’, ‘ಕೈಗಳು’. ಇಬ್ಬರೂ ಉತ್ಸಾಹದಿಂದ ತೆಗೆದೆವು. ಆರನೆಯ ವಾರಕ್ಕೆ ಸೊಸೆಯ ಚಿತ್ರ ಬರಲಿಲ್ಲ. ಎಂಟನೆಯ ವಾರದಿಂದ ಅವಳು ಸಂಪೂರ್ಣವಾಗಿ ನಿಲ್ಲಿಸಿಬಿಟ್ಟಳು. ನಾನಾದರೋ ಒಂದು ವಾರವೂ ತಪ್ಪಿಸಲಿಲ್ಲ. ಮೂವತ್ತನಾಲ್ಕು ವರ್ಷ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ ಕೈಯಲ್ಲವೇ? ಒಂದು ರಾತ್ರಿ ಊಟಕ್ಕೆ ಕುಳಿತಾಗ ನಾನು ಸಹಜವೆಂಬಂತೆ, ‘ಯಾವುದಕ್ಕೂ ನಿಯಮ ಮುಖ್ಯ ಕಣಮ್ಮ. ದಿನಕ್ಕೆ ಐದು ನಿಮಿಷ ಎತ್ತಿಟ್ಟರೆ ಸಾಕು’ ಎಂದುಬಿಟ್ಟೆ. ಅವಳು ಮಗಳ ತಟ್ಟೆಗೆ ಮೊಸರು ಬಡಿಸುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು: ‘ಐದು ನಿಮಿಷ ಸಿಗುತ್ತೆ ಮಾವ. ಆ ಐದು ನಿಮಿಷ ಯಾರೂ ನನ್ನನ್ನ ಕರೀಬಾರದು, ಅಷ್ಟೆ.’

ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಾನು ಅದನ್ನು ಮರೆತುಬಿಡುತ್ತಿದ್ದೆ.

ಅದು ನನಗೆ ಅರ್ಥವಾದದ್ದು ಡಿಸೆಂಬರಿನಲ್ಲಿ, ‘ಬೆಳಗು’ ಎಂಬ ವಿಷಯ ಬಂದಾಗ. ಸೂರ್ಯನು ದಿಗಂತದ ಸಮೀಪದಲ್ಲಿರುವಾಗ ಅವನ ಕಿರಣಗಳು ವಾಯುಮಂಡಲದಲ್ಲಿ ಹೆಚ್ಚು ದೂರ ಹಾದು ಬರಬೇಕಾಗುತ್ತದೆ. ದಾರಿಯಲ್ಲಿ ನೀಲಿ ಬಣ್ಣ ಹೆಚ್ಚಾಗಿ ಚದುರಿಹೋಗಿ ಹಳದಿ ಕೆಂಪುಗಳು ನಮ್ಮ ಪಾಲಿಗೆ ಉಳಿಯುತ್ತವೆ. ಬೆಳಕು ಮೃದುವಾಗಿ, ಪಕ್ಕದಿಂದ ಬೀಳುತ್ತದೆ, ನೆರಳು ಉದ್ದವಾಗುತ್ತದೆ, ಗೋಡೆಯ ಸುಣ್ಣಕ್ಕೂ ಒಂದು ಚೆಲುವು ಬರುತ್ತದೆ. ಛಾಯಾಗ್ರಾಹಕರು ಇದನ್ನು ಚಿನ್ನದ ಗಳಿಗೆ ಎನ್ನುತ್ತಾರೆ. ದಿನಕ್ಕೆ ಎರಡು ಬಾರಿ, ಸೂರ್ಯ ಹುಟ್ಟಿದೊಡನೆ ಒಮ್ಮೆ, ಮುಳುಗುವ ಮುನ್ನ ಒಮ್ಮೆ. ನಮ್ಮ ಮೈಸೂರು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಸೂರ್ಯ ಯುರೋಪಿನಲ್ಲಿರುವಂತೆ ಓರೆಯಾಗಿ ನಿಧಾನವಾಗಿ ಏರುವುದಿಲ್ಲ, ಬಹುಮಟ್ಟಿಗೆ ನೆಟ್ಟಗೆ ಮೇಲೇರುತ್ತಾನೆ. ಡಿಸೆಂಬರಿನಲ್ಲಿ ಆರೂವರೆಯ ಸುಮಾರಿಗೆ ಮೂಡಿದರೆ ಏಳೂವರೆಯ ಹೊತ್ತಿಗೆ ಆ ಚಿನ್ನವೆಲ್ಲ ಕರಗಿರುತ್ತದೆ.

ಮೂರು ದಿನ ಬೆಳಿಗ್ಗೆ ಶಾಲು ಹೊದ್ದು ಮಹಡಿಯ ಮೇಲೆ ನಿಂತೆ. ತೆಂಗಿನ ಗರಿ, ನೀರಿನ ಟ್ಯಾಂಕು, ಪಕ್ಕದ ಮನೆಯ ಪಾರಿವಾಳ. ಯಾವುದೂ ಹಿಡಿಸಲಿಲ್ಲ. ನಾಲ್ಕನೆಯ ದಿನ ಕಾಫಿ ಇನ್ನೂ ಮೇಲೆ ಬಂದಿಲ್ಲವಲ್ಲ ಎಂಬ ಅಸಮಾಧಾನದಿಂದಲೇ ಕೆಳಗಿಳಿದು ಅಡುಗೆಮನೆಯ ಬಾಗಿಲಲ್ಲಿ ನಿಂತವನು ಹಾಗೆಯೇ ನಿಂತೆ. ನಮ್ಮ ಮನೆಯ ಅಡುಗೆಮನೆ ಆಗ್ನೇಯ ಮೂಲೆಯಲ್ಲಿದೆ. ವಾಸ್ತುವಿನಲ್ಲಿ ನನಗೆ ನಂಬಿಕೆ ಅಷ್ಟಕ್ಕಷ್ಟೆ, ಮನೆ ಕಟ್ಟಿಸಿದಾಗ ನಮ್ಮ ತಂದೆಯವರ ಮಾತು ನಡೆದಿತ್ತು. ಆದರೆ ದಕ್ಷಿಣಾಯನದ ಕೊನೆಯಲ್ಲಿ ಸೂರ್ಯ ನೇರ ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಮೂಡುತ್ತಾನೆ. ಆದ್ದರಿಂದ ಡಿಸೆಂಬರಿನ ಬೆಳಗಿನ ಬೆಳಕು ಬೇರೆಲ್ಲಿಗೂ ಹೋಗದೆ ನೇರವಾಗಿ ಆ ಕಿಟಕಿಯೊಳಕ್ಕೇ ಬಂದಿತ್ತು. ಇಡ್ಲಿ ಪಾತ್ರೆಯ ಹಬೆ ಬೆಳಕಿನಲ್ಲಿ ಕಂಬದಂತೆ ನಿಂತಿತ್ತು. ನನ್ನ ಪತ್ನಿ ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದಳು. ಸೊಸೆ ಒಂದು ಕೈಯಲ್ಲಿ ಮೊಮ್ಮಗಳ ಜಡೆ, ಇನ್ನೊಂದು ಕೈಯಲ್ಲಿ ರಿಬ್ಬನ್ನು ಹಿಡಿದು, ನಡುನಡುವೆ ಡಬ್ಬಿಯ ಮುಚ್ಚಳ ಹುಡುಕುತ್ತಿದ್ದಳು. ಒಳಕೋಣೆಯಿಂದ ನನ್ನ ತಾಯಿ ಬಿಸಿನೀರಿಗಾಗಿ ಕೂಗುತ್ತಿದ್ದರು. ಎಂಟು ಗಂಟೆಗೆ ಶಾಲೆಯ ವ್ಯಾನು, ಒಂಬತ್ತಕ್ಕೆ ಸೊಸೆಯ ಬ್ಯಾಂಕು. ಮಗ ಬೆಂಗಳೂರಿನ ರೈಲು ಹಿಡಿಯಲು ಆಗಲೇ ಹೊರಟಾಗಿತ್ತು.

ನಾನು ಚಿತ್ರ ತೆಗೆದೆ. ನೋಡಿದವರೆಲ್ಲ ಮೆಚ್ಚಿದರು. ಆದರೆ ನನ್ನನ್ನು ಕಾಡಿದ್ದು ಬೇರೆಯೇ ಒಂದು ಲೆಕ್ಕ. ಒಳ್ಳೆಯ ಬೆಳಕು ಇರುವುದು ದಿನಕ್ಕೆ ಎರಡೇ ಗಂಟೆ. ಒಂದು ಡಬ್ಬಿ ಕಟ್ಟುವ ಗಂಟೆ. ಇನ್ನೊಂದು, ಸಂಜೆ ದೀಪ ಹಚ್ಚಿ, ಹಾಲು ಕಾಯಿಸಿ, ಮಗುವಿನ ಮನೆಪಾಠ ನೋಡುವ ಗಂಟೆ. ಇಡೀ ದಿನದಲ್ಲಿ ಒಲೆಯ ಮುಂದಿನಿಂದ ಕದಲಲಾಗದ ಎರಡು ಗಂಟೆಗಳು ಯಾವುವೋ, ಬೆಳಕೂ ಅವೇ ಗಂಟೆಗಳಲ್ಲಿದೆ! ಇಷ್ಟು ವರ್ಷ ಬೆಳಕನ್ನು ಕುರಿತು ಪಾಠ ಹೇಳಿದವನಿಗೆ ಇದು ಹೊಳೆದಿರಲಿಲ್ಲ.

ನಮ್ಮ ಮೈಸೂರಿನವರೇ ಆದ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನಾನು ಬಹುಕಾಲದಿಂದ ಮೆಚ್ಚಿದವನು. ಸಾಮಾನ್ಯ ಜನರ ಸಾಮಾನ್ಯ ದಿನಗಳನ್ನು ಅವರಷ್ಟು ಅಕ್ಕರೆಯಿಂದ ಹಿಡಿದವರು ಕಡಿಮೆ. ಆದರೆ ಈಗೀಗ ನನಗೆ ಹೆಚ್ಚಾಗಿ ನೆನಪಾಗುವುದು ಹೋಮಾಯಿ ವ್ಯಾರಾವಾಲಾ. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಎಂದು ಹೆಸರಾದವರು, 2011ರಲ್ಲಿ ಪದ್ಮವಿಭೂಷಣ ಪಡೆದವರು. ಆರಂಭದಲ್ಲಿ ಅವರು ತೆಗೆದ ಚಿತ್ರಗಳು ಅಚ್ಚಾದದ್ದು ಪತಿಯ ಹೆಸರಿನಲ್ಲಿ. ನಮ್ಮ ಮನೆಯಲ್ಲಿ ಹೆಸರಿನ ಪ್ರಶ್ನೆಯೇನೂ ಇರಲಿಲ್ಲ. ಆದರೆ ಆ ಅಡುಗೆಮನೆಯ ಚಿತ್ರದ ಕೆಳಗೆ ನನ್ನ ಹೆಸರನ್ನು ನೋಡಿದಾಗ ಸ್ವಲ್ಪ ಇರಿಸುಮುರುಸಾಯಿತು ಎಂಬುದನ್ನು ಮುಚ್ಚಿಡಲಾರೆ.

ಇಂಥ ಪಂದ್ಯಗಳು ಕೆಲಸವಿಲ್ಲದವರ ಕಾಲಹರಣವೆಂದು ಹಳೆಯ ಸಹೋದ್ಯೋಗಿಯೊಬ್ಬರು ನನಗೆ ಹೇಳಿದರು. ನಾನು ಒಪ್ಪುವುದಿಲ್ಲ. ವಾರಕ್ಕೊಂದು ವಿಷಯ ತಲೆಯಲ್ಲಿದ್ದರೆ ಕಣ್ಣು ಚುರುಕಾಗುತ್ತದೆ. ನಲವತ್ತು ವರ್ಷ ದಾಟಿದ ಹೊಸ್ತಿಲಿನಲ್ಲಿ ಸವೆದ ಜಾಗ ಯಾವುದೆಂಬುದು ನನಗೆ ತಿಳಿದದ್ದು ಆ ಮೊದಲ ವಾರದಲ್ಲಿಯೇ. ಇನ್ನು ಕೆಲವರು, ಕೈಯಲ್ಲಿ ಮೊಬೈಲು ಇದೆಯಲ್ಲ, ಚಿತ್ರ ತೆಗೆಯಲು ಎಷ್ಟು ಹೊತ್ತು, ಮನಸ್ಸಿದ್ದರೆ ಮಾರ್ಗ ಎನ್ನುತ್ತಾರೆ. ಇದನ್ನಂತೂ ನಾನು ಖಂಡಿತ ಒಪ್ಪಲಾರೆ, ಏಕೆಂದರೆ ಮೊದಲು ಹೀಗೆಂದವನು ನಾನೇ. ಗುಂಡಿ ಒತ್ತಲು ಒಂದು ಕ್ಷಣ ಸಾಕು. ಅದಕ್ಕೆ ಮೊದಲು ಸುಮ್ಮನೆ ನಿಂತು ನೋಡುವ ಹೊತ್ತು ಬೇಕು. ನಾನು ಮಹಡಿಯ ಮೇಲೆ ಮೂರು ಬೆಳಗುಗಳನ್ನು ವ್ಯರ್ಥವಾಗಿ ಕಳೆದೆನಲ್ಲ, ಆ ವ್ಯರ್ಥಕಾಲದ ಬೆಲೆಯನ್ನು ಕೆಳಗೆ ಇಬ್ಬರು ಹೆಂಗಸರು ತೆರುತ್ತಿದ್ದರು. ನನ್ನ ನಿಯಮಪಾಲನೆ ಎಂದು ನಾನು ಬೀಗಿದ್ದು ಬಹುಪಾಲು ಅವರ ದುಡಿಮೆ. ಸಂಸಾರದಲ್ಲಿ ಒಬ್ಬರು ಹವ್ಯಾಸ ಹಿಡಿದರೆ ಇನ್ನೊಬ್ಬರ ಗಂಟೆಯಿಂದ ಕಡ ತಂದೇ ಹಿಡಿಯುವುದು. ಕಡವನ್ನು ಕಡವೆಂದು ಬರೆದುಕೊಳ್ಳಬೇಕು, ತೀರಿಸಲೂ ಬೇಕು ಎಂಬುದು ನನ್ನ ಅಭಿಪ್ರಾಯ.

ಜನವರಿಯಿಂದ ಮಂಗಳವಾರ ಮತ್ತು ಗುರುವಾರದ ಬೆಳಗು ನನ್ನದು. ಇಡ್ಲಿ ಹಿಟ್ಟು ಹಿಂದಿನ ರಾತ್ರಿಯೇ ಸಿದ್ಧವಿರುತ್ತದೆಯಾದ್ದರಿಂದ ಇದರಲ್ಲಿ ಹೆಚ್ಚಿನ ಪುರುಷಾರ್ಥವೇನೂ ಇಲ್ಲ. ಮೊದಲ ಗುರುವಾರ ಡಬ್ಬಿಗೆ ಮೊಸರನ್ನ ತುಂಬಿ ಚಮಚ ಹಾಕುವುದನ್ನು ಮರೆತೆ. ಮೊಮ್ಮಗಳು ಸಂಜೆ ಬಂದು, ‘ತಾತ, ನಿಮಗೆ ಸೊನ್ನೆ’ ಎಂದಳು. ಜಡೆ ಹೆಣೆಯುವುದು ಈಗಲೂ ನನ್ನಿಂದಾಗದು. ಒಂದು ಕುದುರೆಬಾಲ ಕಟ್ಟಿ ಕಳುಹಿಸುತ್ತೇನೆ. ನಿನಗೂ ಒಂದು ಕ್ಯಾಮೆರಾ ಬೇಕೇ ಎಂದು ಪತ್ನಿಯನ್ನು ಕೇಳಿದೆ. ‘ನನಗೆ ಯಾವ ಚಿತ್ರವೂ ಬೇಡ ರೀ. ಪೇಪರ್ ಬಿಸಿಯಾಗಿರುವಾಗಲೇ ಕೂತು ಓದಬೇಕು’ ಎಂದಳು. ಆ ಎರಡು ದಿನ ನನಗಿಂತ ಮೊದಲು ಪತ್ರಿಕೆ ಅವಳ ಕೈಗೆ ಹೋಗುತ್ತದೆ. ಪದಬಂಧವನ್ನೂ ಅವಳೇ ತುಂಬಿಬಿಡುತ್ತಾಳೆ, ಅದೊಂದು ಸಣ್ಣ ದುಃಖ.

ಸೊಸೆ ಮತ್ತೆ ಸೇರಿದಳು. ಪ್ರತಿವಾರವೂ ಚಿತ್ರ ಬರುತ್ತದೆಂದು ಹೇಳಲಾರೆ. ಬ್ಯಾಂಕಿನಲ್ಲಿ ಮಾರ್ಚ್ ತಿಂಗಳೆಂದರೆ ಗೊತ್ತಲ್ಲ, ಆಗ ಮೂರು ವಾರ ತಪ್ಪಿತು. ಆದರೆ ‘ಕಾಯುವಿಕೆ’ ಎಂಬ ವಿಷಯಕ್ಕೆ ಅವಳು ತೆಗೆದದ್ದು ನನ್ನ ತಾಯಿಯ ಚಿತ್ರ. ಮಂಚದ ಅಂಚಿನಲ್ಲಿ ಕುಳಿತು, ಕಿಟಕಿಯಿಂದ ಬಂದ ಬಿಸಿಲಿಗೆ ಅಂಗಾಲು ಚಾಚಿಕೊಂಡು, ಕಾಫಿಯ ಲೋಟಕ್ಕಾಗಿ ಬಾಗಿಲ ಕಡೆ ನೋಡುತ್ತಿದ್ದಾರೆ. ಅಂದು ಕಾಫಿ ತಡವಾಗಿತ್ತು. ಮಾಡುತ್ತಿದ್ದವನು ನಾನು.

ಈ ವಾರದ ವಿಷಯ ‘ಸದ್ದು’. ಸದ್ದನ್ನು ಚಿತ್ರದಲ್ಲಿ ಹಿಡಿಯುವುದು ಹೇಗೆಂದು ಅವಳೂ ನಾನೂ ಎರಡು ದಿನದಿಂದ ಚರ್ಚಿಸುತ್ತಿದ್ದೇವೆ. ನಾಳೆ ಗುರುವಾರ. ಹುರುಳಿಕಾಯಿ ಹೆಚ್ಚಿಡಬೇಕು, ಇಲ್ಲಿಗೆ ನಿಲ್ಲಿಸುತ್ತೇನೆ.