‘ವರೆಗೆ’ ಎಂಬ ಅವ್ಯಯ

ಮೊಳಕಾಲ್ಮೂರಿನ ನೇಕಾರ ಶಿಷ್ಯನೊಬ್ಬ ಮೊನ್ನೆ ಕೇಳಿದ: “ಮೇಷ್ಟ್ರೇ, ಸೆಕೆಂಡಿಗೆ 100 ಮೆಗಾಬಿಟ್ ವೇಗಕ್ಕೆ ಹಣ ಕಟ್ಟುತ್ತೇನೆ. ರಾತ್ರಿ ಗಿರಾಕಿಗೆ ಸೀರೆ ತೋರಿಸುವಾಗ ವಿಡಿಯೋ ಕರೆ ಸ್ತಬ್ಧವಾಗುತ್ತದೆ, ಏಕೆ?” ಜಾಹೀರಾತನ್ನು ಅವನಿಂದಲೇ ಓದಿಸಿದೆ. ಅದರಲ್ಲಿದ್ದುದು “100ರವರೆಗೆ”. ವ್ಯಾಕರಣ ಬೋಧಿಸಿದ ನನಗೆ ಈ ಅವ್ಯಯದ ದುರುಪಯೋಗ ಸಹಿಸಲಾಗದು. ಚಳ್ಳಕೆರೆಯ ಸಂತೆಯಲ್ಲಿ “ಹತ್ತು ಸೇರಿನವರೆಗೆ ಶೇಂಗಾ” ಎಂದು ಹಣ ಪಡೆದು ಮೂರು ಸೇರು ಅಳೆದರೆ ಯಾರಾದರೂ ಸುಮ್ಮನಿರುವರೇ?

ದೂರಿದರೆ “ನಿಮ್ಮ ಗೋಡೆ ದಪ್ಪ” ಎನ್ನುತ್ತಾರೆ. ಅರ್ಧಸತ್ಯ. ಕಲ್ಲುಗೋಡೆಯು ವೈಫೈ ಅಲೆಯನ್ನು, ಅದರಲ್ಲೂ 5 ಗಿಗಾಹರ್ಟ್ಸ್‌ನದನ್ನು, ಕುಂದಿಸುವುದು ನಿಜ. ರೂಟರನ್ನು ಕಪಾಟಿನೊಳಗಿಂದ ನಡುಮನೆಗೆ ತನ್ನಿ. ಆದರೆ ಮೊದಲು ಮನೆಯ ಇತರ ಫೋನುಗಳನ್ನೂ ಟೀವಿಯನ್ನೂ ಸಂಪರ್ಕದಿಂದ ಬಿಡಿಸಿ, ಗಣಕವನ್ನು ತಂತಿಯಿಂದಲೇ ರೂಟರಿಗೆ ಜೋಡಿಸಿ, ಬೆಳಿಗ್ಗೆ ಐದಕ್ಕೂ ರಾತ್ರಿ ಒಂಬತ್ತಕ್ಕೂ ವೇಗವನ್ನು ಅಳೆಯಿರಿ. ತಂತಿಯಲ್ಲೂ ಪ್ರತಿರಾತ್ರಿ ಕುಸಿದರೆ ದೋಷ ಗೋಡೆಯದಲ್ಲ. ಒಂದೇ ಮಾರ್ಗವನ್ನು ಮಿತಿಮೀರಿ ಹಂಚಿದವರದು.

ಸರ್ಕಾರವೂ ಹೊಣೆಯೇ. ಬ್ರಾಡ್‌ಬ್ಯಾಂಡಿಗೆ 2004ರಲ್ಲಿ ವಿಧಿಸಿದ ಕನಿಷ್ಠ ವೇಗ 256 ಕಿಲೋಬಿಟ್; 2023ರಲ್ಲಿ 2 ಮೆಗಾಬಿಟ್. ನೂರೆಂದು ಮಾರಿ ಎರಡು ಕೊಟ್ಟರೂ ಆ ವ್ಯಾಖ್ಯೆಯಂತೆ ಅದು ಬ್ರಾಡ್‌ಬ್ಯಾಂಡೇ!

ಶಿಷ್ಯ ಒಂದು ವಾರದ ಅಳತೆಗಳನ್ನು ಬರೆದು ತಂದಿದ್ದಾನೆ. ದೂರುಪತ್ರವನ್ನು ನಾನೇ ತಿದ್ದಿಕೊಡುತ್ತಿದ್ದೇನೆ.