ಎತ್ತಿ ಹತ್ತಿಸಿದರೆ ಸಾಕೇ?

ನಾವು ನಾಲ್ವರು ಗೆಳೆಯರು ಎರಡು ದಿನ ಬೆಂಗಳೂರು ನೋಡಲು ಹೋಗಿದ್ದೆವು. ಕೆಲಸಕ್ಕಲ್ಲ, ಆಸ್ಪತ್ರೆಗಲ್ಲ, ಸುಮ್ಮನೆ ಸುತ್ತಾಡಲು. ನಮ್ಮಲ್ಲೊಬ್ಬ ಗಾಲಿಕುರ್ಚಿಯಲ್ಲೇ ಓಡಾಡುವವನು. 'ಇವನನ್ನು ಕಟ್ಟಿಕೊಂಡು ಎಲ್ಲಿ ತಿರುಗ್ತೀರಪ್ಪ?' ಅಂತ ಊರಲ್ಲಿ ಕೇಳಿದವರಿದ್ದರು.

ಮೆಟ್ರೋದಲ್ಲಿ ಅವನಿಗೆ ನಾವು ಬೇಕಾಗಲೇ ಇಲ್ಲ. ಮೇಲೆ ಹೋಗಲು ಲಿಫ್ಟ್, ಬೋಗಿಯ ನೆಲ ಪ್ಲಾಟ್‌ಫಾರ್ಮ್‌ನ ಮಟ್ಟಕ್ಕೇ ಇದೆ, ಒಳಗೆ ಕುರ್ಚಿ ನಿಲ್ಲಿಸಲು ಜಾಗ. ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣದಲ್ಲಿ ನಮಗಿಂತ ಮೊದಲೇ ಇಳಿದು 'ಬೇಗ ಬನ್ರೋ' ಅಂದ. ತೋಟದೊಳಗಿನ ಬಂಡೆ ಮಾತ್ರ ಹತ್ತಲಾಗಲಿಲ್ಲ. ಅದಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸಂತೆ, ಅದನ್ನು ಯಾರೂ ದೂರುವಂತಿಲ್ಲ.

ಆದರೆ ಮೊನ್ನೆ ಮೊನ್ನೆ ಕಟ್ಟಿದ ಫುಟ್‌ಪಾತ್‌ಗೆ ಏನು ನೆಪ? ಒಂದು ಕಡೆ ಬೈಕ್ ತಡೆಯಲು ನೆಟ್ಟ ಕಂಬಗಳ ನಡುವೆ ಕುರ್ಚಿ ತೂರಲಿಲ್ಲ. ವಾಹನಗಳ ನಡುವೆ ರಸ್ತೆಗಿಳಿದೆವು.

ಅದಕ್ಕಿಂತ ಕಷ್ಟ ನಮ್ಮೂರ ಬಸ್. ಕಡಿದಾದ ಮೆಟ್ಟಿಲು, ಕಿರಿದಾದ ಬಾಗಿಲು. ಹೋಗುವಾಗಲೂ ಬರುವಾಗಲೂ ಅವನನ್ನು ಮೂಟೆಯಂತೆ ಎತ್ತಿದೆವು. ಜನ 'ಪಾಪ' ಅಂದರು, ಜಾಗ ಬಿಟ್ಟರು. ಅವನು ಮಾತ್ರ ಊರು ಬರುವವರೆಗೆ ಮಾತಾಡಲಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಸ್ಸು, ನಿಲ್ದಾಣ, ರಸ್ತೆ ಎಲ್ಲವೂ ಇವರಿಗೆ ಬಳಸಲು ಬರಬೇಕು ಅನ್ನುತ್ತದೆ. ಜೊತೆಗಾರರಿಲ್ಲದೆ ಪ್ರಯಾಣಿಸಲಾಗದವರಿಗೆ ರೈಲಿನ ಸ್ಲೀಪರ್ ಟಿಕೆಟ್‌ನಲ್ಲಿ 75% ರಿಯಾಯಿತಿಯಿದೆ, ಜೊತೆಗಾರರಿಗೂ ಅಷ್ಟೇ. ಆದರೆ ರೈಲು ನಿಲ್ದಾಣದವರೆಗೆ ಹೋಗಲು ಮತ್ತೆ ಅದೇ ಬಸ್ ಹತ್ತಬೇಕಲ್ಲ!

ಮುಂದಿನ ಸಲ ಮೈಸೂರಿಗೆ ಹೋಗೋಣ ಅಂದೆವು. 'ಎತ್ತೋದಾದ್ರೆ ನಾನು ಬರಲ್ಲ' ಅಂದಿದ್ದಾನೆ.